ಗುಜರಿಯಲ್ಲಿ ಸಿಕ್ಕ ಜಾಝ್ ಪ್ಲೇಟು: ಕವರ್ ಆಮೇಲೆ, ಮೊದಲು ಖಾಲಿ ಪಟ್ಟಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ. ಹಳೇ ಜಾಝ್ ರೆಕಾರ್ಡ್ ಸಿಕ್ಕಿದೆ, ಫೋಟೋ ಹಾಕಿದ್ದೇನೆ, ಎಷ್ಟು ಬೆಲೆ ಬಾಳುತ್ತೆ ಹೇಳಿ ಅಂತ. ಫೋಟೋ ನೋಡಿದರೆ ಎಲ್ಲರದೂ ಬರೀ ಕವರಿನದ್ದು! ಕವರ್ ಚೆಂದ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಅದೇ ಕವರ್ ಹಾಕಿ ಅರವತ್ತು ವರ್ಷದಿಂದ ಮತ್ತೆ ಮತ್ತೆ ಮಾರುತ್ತಲೇ ಇದ್ದಾರೆ. ಬೆಲೆ ಗೊತ್ತಾಗಬೇಕಾದರೆ ಪ್ಲೇಟನ್ನು ಹೊರಗೆ ತೆಗೆದು, ಹಾಡು ಮುಗಿದ ಮೇಲೆ ಉಳಿಯುವ ಖಾಲಿ ಪಟ್ಟಿ ನೋಡಬೇಕು. ಈ ಸಲದ ಐದೂ ಪ್ರಶ್ನೆಗಳು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಪಕ್ಕದ ಬೀದಿಯಲ್ಲಿ ಒಬ್ಬ ಅಜ್ಜ ತೀರಿಕೊಂಡ ಮೇಲೆ ಮನೆ ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ದರು. ಒಂದು ರಟ್ಟಿನ ಡಬ್ಬದ ತುಂಬ ಎಲ್‌ಪಿ, 20 ಡಾಲರ್ ಅಂದರು, ಹೊತ್ತುಕೊಂಡು ಬಂದೆ. ಅದರಲ್ಲಿ ಬ್ಲೂ ನೋಟ್ ಅನ್ನೋ ಜಾಝ್ ರೆಕಾರ್ಡ್ ಕಂಪನಿಯವು ಎರಡಿವೆ. ಒಂದು ಡ್ರಮ್ಸ್ ವಾದಕ ಆರ್ಟ್ ಬ್ಲೇಕಿಯ 4003 ನಂಬರಿನದು, ಇನ್ನೊಂದು ಟ್ರಂಪೆಟ್ ವಾದಕ ಲೀ ಮಾರ್ಗನ್‌ನ ‘ದಿ ಸೈಡ್‌ವೈಂಡರ್’. ಮೊದಲನೆಯದರ ನಡುವಿನ ಕಾಗದದ ಲೇಬಲ್ ಮೇಲೆ 47 ವೆಸ್ಟ್ 63ನೇ ಬೀದಿಯ ವಿಳಾಸ ಇದೆ. ಎರಡನೆಯದರಲ್ಲಿ ಬರೀ ನ್ಯೂಯಾರ್ಕ್ ಯುಎಸ್‌ಎ. ಎರಡೂ ಒರಿಜಿನಲ್ಲಾ? ಗೆಳೆಯನೊಬ್ಬ ‘ಕಿವಿ ಇದೆಯಾ ನೋಡು’ ಅಂದ. ಏನದು ಕಿವಿ?

ಉತ್ತರ: ನಿಮ್ಮ ಗೆಳೆಯರು ವಿಷಯ ಗೊತ್ತಿರುವವರೇ. ಅವರನ್ನು ಬಿಡಬೇಡಿ.

ಪ್ಲೇಟನ್ನು ಅಂಚು ಮತ್ತು ಲೇಬಲ್ ಮಾತ್ರ ಮುಟ್ಟುವ ಹಾಗೆ ಹಿಡಿದು ಟ್ಯೂಬ್‌ಲೈಟ್ ಕೆಳಗೆ ಸ್ವಲ್ಪ ಓರೆ ಮಾಡಿ. ಕೊನೆಯ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಮಿರಿಮಿರಿ ಹೊಳೆಯುವ ಖಾಲಿ ಪಟ್ಟಿ ಇದೆಯಲ್ಲ, ಕತೆ ಇರುವುದು ಅಲ್ಲಿ. ನಂಬರಿನ ಜೊತೆ ಆರ್‌ವಿಜಿ ಅಂತ ಕೈಯಲ್ಲಿ ಗೀಚಿರಬಹುದು, ಅಥವಾ ವ್ಯಾನ್ ಗೆಲ್ಡರ್ ಅಂತ ಅಚ್ಚು ಒತ್ತಿರಬಹುದು. ಅದು ರೂಡಿ ವ್ಯಾನ್ ಗೆಲ್ಡರ್ ಸಹಿ. ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಿದ್ದ ಈ ಮನುಷ್ಯ ಹ್ಯಾಕನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲೇ ಮೈಕ್ ನಿಲ್ಲಿಸಿ ಜಾಝ್ ಚರಿತ್ರೆಯ ಅರ್ಧಕ್ಕರ್ಧ ರೆಕಾರ್ಡ್ ಮಾಡಿದರು ಅಂದರೆ ಜಾಸ್ತಿ ಹೇಳಿದ ಹಾಗೇನೂ ಅಲ್ಲ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿಕೊಂಡರು. ಎರಡೂ ನಿಮ್ಮ ನ್ಯೂಜೆರ್ಸಿಯಲ್ಲೇ.

ಕಿವಿ ಅಂದರೆ ಅದೇ ಪಟ್ಟಿಯಲ್ಲಿರುವ ಒಂದು ಚಿಕ್ಕ ಗುರುತು. ಅಸಲಿಗೆ ಅದು ಕೂಡುಬರಹದ ಇಂಗ್ಲಿಷ್ ‘ಪಿ’ ಅಕ್ಷರ. ನಾರ್ತ್ ಆರ್ಲಿಂಗ್ಟನ್‌ನ ಪ್ಲಾಸ್ಟಿಲೈಟ್ ಅನ್ನೋ ಕಾರ್ಖಾನೆಯ ಗುರುತು ಅದು. ಬ್ಲೂ ನೋಟ್ ಎಲ್‌ಪಿಗಳನ್ನು 1966ರ ಹೊತ್ತಿನವರೆಗೆ ಒತ್ತುತ್ತಿದ್ದವರು ಅವರೇ. ಆ ಹೊತ್ತಿಗೆ ಲಿಬರ್ಟಿ ಅನ್ನೋ ಇನ್ನೊಂದು ರೆಕಾರ್ಡ್ ಕಂಪನಿ ಬ್ಲೂ ನೋಟನ್ನು ಕೊಂಡುಕೊಂಡಿತು, ಕಾರ್ಖಾನೆ ಬದಲಾಯಿತು, ಕಿವಿ ಹೋಯಿತು.

ನಿಮ್ಮ ಸೈಡ್‌ವೈಂಡರ್‌ನಲ್ಲಿ ಎಡವಟ್ಟಾಗುವುದು ಇಲ್ಲೇ. ಲಿಬರ್ಟಿಯವರು ಬಂದಾಗ ಗೋಡೌನಿನಲ್ಲಿ ಹಳೇ ಲೇಬಲ್ಲು, ಹಳೇ ಕವರು ರಾಶಿ ಬಿದ್ದಿದ್ದವು. ಯಾರು ಎಸೆಯುತ್ತಾರೆ? ಹೊಸ ಪ್ಲೇಟಿಗೂ ಅವನ್ನೇ ಅಂಟಿಸಿದರು. ಹಳೇ ಲೋಹದ ಅಚ್ಚುಗಳನ್ನೂ ಬಳಸಿದರು, ಹಾಗಾಗಿ ವ್ಯಾನ್ ಗೆಲ್ಡರ್ ಹೆಸರು ಕೂಡ ಹಾಗೇ ಉಳಿಯಿತು. ಲೇಬಲ್ ನ್ಯೂಯಾರ್ಕ್ ಯುಎಸ್‌ಎ, ವ್ಯಾನ್ ಗೆಲ್ಡರ್ ಹೆಸರೂ ಇದೆ, ಕಿವಿ ಮಾತ್ರ ಇಲ್ಲ ಅಂದರೆ ಅದು ಲಿಬರ್ಟಿ ಕಾಲದ್ದು ಅಂತ ತಿಳಿಯಿರಿ. ಕೇಳಲು ಸೊಗಸಾಗಿರುತ್ತದೆ, ಬೆಲೆ ಮಾತ್ರ ಸುಮಾರಾಗಿ ಇಳಿಯುತ್ತದೆ. ಕಿವಿ ಇದ್ದರೂ ತೀರಾ ಕುಣಿಯಬೇಡಿ. ಸೈಡ್‌ವೈಂಡರ್ ಆ ಕಾಲದ ದೊಡ್ಡ ಹಿಟ್, ಮನೆ ಮನೆಗೆ ಹೋದ ಪ್ಲೇಟು.

4003ರ ಮೇಲೆ ನನಗೆ ಜಾಸ್ತಿ ಆಸೆ ಇದೆ. ‘ಮೋನಿನ್’ ಅಂತ ಈಗ ಎಲ್ಲರೂ ಕರೆಯುವ ಎಲ್‌ಪಿ ಇದು, 1958ರ ಅಕ್ಟೋಬರ್ 30ರಂದು ಹ್ಯಾಕನ್‌ಸ್ಯಾಕ್‌ನ ಅದೇ ಹಾಲ್‌ನಲ್ಲಿ ನುಡಿಸಿದ್ದು. ಲೇಬಲ್ ಮೇಲೆ ಬೆರಳ ತುದಿ ಆಡಿಸಿ. ಅಂಚಿನಿಂದ ಸ್ವಲ್ಪ ಒಳಗೆ ಒಂದು ದುಂಡನೆ ತೋಡು ಬೆರಳಿಗೆ ತಾಕಿದರೆ ಅದನ್ನು ಡೀಪ್ ಗ್ರೂವ್ ಅನ್ನುತ್ತಾರೆ, ಹಳೇ ಅಚ್ಚಿನ ಯಂತ್ರದ ಗುರುತು. ಎರಡೂ ಬದಿ ತೋಡು, ಎರಡೂ ಬದಿ ಕಿವಿ, 63ನೇ ಬೀದಿಯ ವಿಳಾಸ, ಮೂರೂ ಕೂಡಿ ಬಂದರೆ ಆ ಡಬ್ಬಕ್ಕೆ ಕೊಟ್ಟ 20 ಡಾಲರ್ ಎಷ್ಟೋ ಪಟ್ಟಾಗಿ ವಾಪಸ್ ಬಂತು ಅನ್ನಿ. ವಿಳಾಸ ಒಂದನ್ನೇ ನೋಡಿ ನಂಬಬೇಡಿ. ಇತ್ತೀಚಿನ ದುಬಾರಿ ಮರುಮುದ್ರಣಗಳಲ್ಲಿ ಆ ವಿಳಾಸವನ್ನೂ, ಕೆಲವದರಲ್ಲಿ ಆ ತೋಡನ್ನೂ ಹಾಗೇ ಮಾಡಿಕೊಟ್ಟಿದ್ದಾರೆ.

ಡಬ್ಬದಲ್ಲಿ ಉಳಿದವನ್ನೂ ಒಂದು ಸಲ ನೋಡಿ ಬಿಡಿ. ಹೆಸರು ಕೇಳದ ಕಲಾವಿದ, ಮಾಮೂಲಿ ಕವರ್ ಅಂತ ಬದಿಗಿಟ್ಟದ್ದರಲ್ಲೇ ಅದೃಷ್ಟ ಇರುವುದು ಜಾಸ್ತಿ. ಯಾಕೆಂದರೆ ಆಗ ಮಾರಾಟ ಆಗದ್ದೇ ಈಗ ಅಪರೂಪ. ಸ್ಯಾಕ್ಸೋಫೋನ್ ವಾದಕ ಹ್ಯಾಂಕ್ ಮೋಬ್ಲಿಯ 1568 ನಂಬರಿನ ಎಲ್‌ಪಿಯನ್ನೇ ತೆಗೆದುಕೊಳ್ಳಿ. 1957ರಲ್ಲಿ ರೆಕಾರ್ಡ್ ಮಾಡಿದ್ದು, ಆಗ ಕೇಳಿದವರು ಕಮ್ಮಿ, ಒತ್ತಿದ್ದೂ ಕಮ್ಮಿ. ಈಗ ಒಳ್ಳೆ ಸ್ಥಿತಿಯ ಮೊದಲ ಪ್ರತಿ ಹರಾಜಿಗೆ ಬಂದರೆ ಸಾವಿರಗಟ್ಟಲೆ ಡಾಲರ್. ಅದರಲ್ಲೂ ಒಂದು ಬದಿಯ ಲೇಬಲ್ಲಿನಲ್ಲಿ ಮಾತ್ರ ಹಳೇ ಅಂಚೆ ವಲಯದ ನಂಬರು ಸೇರಿಸಿ ‘ನ್ಯೂಯಾರ್ಕ್ 23’ ಅಂತಿರುವ ಪ್ರತಿಗೆ ಜನ ಮುಗಿಬೀಳುತ್ತಾರೆ. ಇದು ಅತಿಯಾಯ್ತು ಅಂತ ನನಗೂ ಅನ್ನಿಸುತ್ತದೆ. ಏನು ಮಾಡುವುದು, ಸಂಗ್ರಹದ ಹುಚ್ಚೇ ಅಂಥದ್ದು.

ಇನ್ನೊಂದು ಮಾತು. ಜಾಲತಾಣಗಳಲ್ಲಿ ಮಾರುವವರು ಕೇಳುವ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು ಅಲ್ವಾ? ನಿಜವಾಗಿ ಮಾರಾಟವಾದ ಬೆಲೆಗಳು ಡಿಸ್ಕಾಗ್ಸ್, ಪಾಪ್‌ಸೈಕ್ ಅನ್ನೋ ತಾಣಗಳಲ್ಲಿ ಸಿಗುತ್ತವೆ. ಸ್ಥಿತಿ ನೋಡಿ ಹೋಲಿಸಿ. ‘ಗುಡ್’ ಅಂತ ಬರೆದಿದ್ದರೆ ಮೋಸ ಹೋಗಬೇಡಿ, ಈ ವ್ಯಾಪಾರದಲ್ಲಿ ಗುಡ್ ಅಂದರೆ ಗೀರು ಬಿದ್ದು ಚಟಪಟ ಅನ್ನುವ ಪ್ಲೇಟು. ಕನಿಷ್ಠ ‘ವಿಜಿ ಪ್ಲಸ್’, ಅಂದರೆ ವೆರಿ ಗುಡ್ ಪ್ಲಸ್ ಆದರೂ ಇರಬೇಕು.

ಪ್ರಶ್ನೆ: ಸರ್, ನಾನು ಬೆಂಗಳೂರು ಮಲ್ಲೇಶ್ವರದವನು. ಭಾನುವಾರದ ಸಂತೆಯಲ್ಲಿ ಗುಜರಿ ರಾಶಿಯೊಳಗೆ ‘ರಾಗ ಜಾಝ್ ಸ್ಟೈಲ್’ ಅನ್ನೋ ಎಲ್‌ಪಿ ಸಿಕ್ಕಿತು. ಶಂಕರ್ ಜೈಕಿಶನ್ ಹೆಸರು ನೋಡಿ ಸಿನಿಮಾ ಹಾಡು ಅಂದುಕೊಂಡೇ ತಗೊಂಡೆ. ಬಿಳಿ ಬೂಷ್ಟು ಹಿಡಿದಿದೆ. ತೊಳೆಯಬಹುದಾ?

ಉತ್ತರ: ಸಿನಿಮಾ ಹಾಡು ಅಂದುಕೊಂಡಿರಿ, ಮಾರಿದವರೂ ಹಾಗೇ ಅಂದುಕೊಂಡಿರಬೇಕು. ನಿಮ್ಮ ಪುಣ್ಯ!

1968ರಲ್ಲಿ ಎಚ್‌ಎಂವಿ ಹೊರತಂದ ರೆಕಾರ್ಡ್ ಇದು. ತೋಡಿಯಿಂದ ಶುರುವಾಗಿ ಭೈರವಿಯಲ್ಲಿ ಮುಗಿಯುವ 11 ರಾಗಗಳು, ಎಲ್ಲವೂ ಜಾಝ್ ಲಯದಲ್ಲಿ. ಸಿತಾರ್ ರಯೀಸ್ ಖಾನ್, ಸ್ಯಾಕ್ಸೋಫೋನ್ ಮನೋಹಾರಿ ಸಿಂಗ್. ಡ್ರಮ್ಸ್, ಟ್ರಂಪೆಟ್, ಪಿಯಾನೋ ನುಡಿಸಿದವರು ಹಗಲೆಲ್ಲ ಬೊಂಬಾಯಿಯ ಸಿನಿಮಾ ಸ್ಟುಡಿಯೋಗಳಲ್ಲಿ ದುಡಿಯುತ್ತಿದ್ದ ಗೋವಾದ ಕಡೆಯ ವಾದ್ಯಗಾರರು. ಅವರ ಹೆಸರು ಸಿನಿಮಾ ಪರದೆ ಮೇಲೆ ಬಂದದ್ದೇ ಅಪರೂಪ. ಈಗ ಈ ಎಲ್‌ಪಿಯನ್ನು ಯುರೋಪಿನವರು, ಜಪಾನಿನವರು ಹುಡುಕಿಕೊಂಡು ಬರುತ್ತಾರೆ. ಮರುಮುದ್ರಣವೂ ಆಗಿದೆ, ಅದಕ್ಕೆ ಹಿಂಬದಿ ನೋಡಿ. ಬಾರ್‌ಕೋಡ್ ಇದ್ದರೆ, ಸರೆಗಮ ಅನ್ನೋ ಹೆಸರಿದ್ದರೆ ಅದು ಹೊಸದು. ಎಚ್‌ಎಂವಿ ರೆಕಾರ್ಡ್ ತರುತ್ತಿದ್ದ ಗ್ರಾಮೋಫೋನ್ ಕಂಪನಿ ಆ ಹೆಸರು ಇಟ್ಟುಕೊಂಡದ್ದು 2000ದಲ್ಲಿ. ನಿಮ್ಮದರ ಬೂಷ್ಟು ನೋಡಿದರೆ ಹಳೇದೇ ಇರಬೇಕು!

ತೊಳೆಯಿರಿ, ಆದರೆ ನಲ್ಲಿ ನೀರಲ್ಲಿ ಬೇಡ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಗೆರೆಯೊಳಗೆ ಉಪ್ಪು ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ. ಮೆತ್ತನೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆ ಹೋದ ಹಾಗೇ ಸುತ್ತಲೂ ಒರೆಸಿ, ಅಡ್ಡ ಉಜ್ಜಬೇಡಿ. ಲೇಬಲ್ ಒದ್ದೆ ಆಗದಂತೆ ನೋಡಿಕೊಳ್ಳಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಂದು ಸಲ ಒರೆಸಿ, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಿ. ಬಿಸಿಲಿಗಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗಲ್ಲ. ಒಳಗಿನ ಹಳೇ ಕಾಗದದ ಚೀಲದಲ್ಲೂ ಬೂಷ್ಟು ಇರುತ್ತದೆ, ಅದರಲ್ಲೇ ವಾಪಸ್ ಇಟ್ಟರೆ ಮಳೆಗಾಲ ಮುಗಿಯುವುದರೊಳಗೆ ಮತ್ತೆ ಅದೇ ಕತೆ. ಹೊಸ ಚೀಲ ಕೊಳ್ಳಿ. ದಪ್ಪ ಪಿವಿಸಿ ಕವರ್ ಬೇಡ. ವರ್ಷಗಟ್ಟಲೆ ತಾಗಿಕೊಂಡಿದ್ದರೆ ಪ್ಲೇಟಿನ ಮೇಲೆ ಮಂಜು ಕವಿದಂಥ ಕಲೆ ಕೂರುತ್ತದೆ, ಅದು ಎಷ್ಟು ತೊಳೆದರೂ ಹೋಗಲ್ಲ.

ಪ್ರಶ್ನೆ: ಬರ್ಲಿನ್‌ನ ಫ್ಲೀ ಮಾರ್ಕೆಟ್‌ನಲ್ಲಿ ‘ಜ್ಯೋತಿ’ ಅನ್ನೋ ಎಲ್‌ಪಿ ನೋಡಿದೆ. ಚಾರ್ಲಿ ಮರಿಯಾನೋ, ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅಂತ ಇತ್ತು. ನಮ್ಮ ಕರ್ನಾಟಕವೇ? ಅಪರೂಪದ್ದಾ, ತಗೊಳ್ಳಲಾ?

ಉತ್ತರ: ನಮ್ಮದೇ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆ. ‘ಜ್ಯೋತಿ’ 1983ರಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನಲ್ಲಿ ರೆಕಾರ್ಡ್ ಆಗಿ ಇಸಿಎಂ ಕಂಪನಿಯಿಂದ ಬಂತು, ನಂಬರ್ 1256. ಹಾಡಿರುವುದು ಆರ್.ಎ. ರಮಾಮಣಿ. ಜೊತೆಗೆ ಮೃದಂಗ, ಘಟ, ಖಂಜಿರ, ಬಾಯಲ್ಲೇ ಲಯ ನುಡಿಸುವ ಕೊನ್ನಕ್ಕೋಲು. ಮರಿಯಾನೋ ಸಾಮಾನ್ಯದವರಲ್ಲ, 1963ರಲ್ಲಿ ಅಮೆರಿಕದ ಜಾಝ್ ದಿಗ್ಗಜ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ ಸ್ಯಾಕ್ಸೋಫೋನ್ ವಾದಕ, ಮುಂದೆ ನಮ್ಮ ನಾಗಸ್ವರವನ್ನೂ ಕಲಿತವರು.

ಅಪರೂಪದ್ದಾ ಅಂದರೆ, ಅಷ್ಟೇನೂ ಅಲ್ಲ. ಜರ್ಮನಿಯಲ್ಲಿ ಮಾಮೂಲಿ ಎಲ್‌ಪಿ ದರಕ್ಕೇ ಸಿಗುತ್ತದೆ. ಅದಕ್ಕೇ ತಗೊಳ್ಳಿ ಅನ್ನುತ್ತೇನೆ! ಮಾರಿ ಲಾಭ ಮಾಡುವ ಯೋಚನೆ ಇದ್ದರೆ ಬಿಡಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಕಿಕೊಂಡು ರಮಾಮಣಿಯವರ ದನಿಯ ಹಿಂದೆ ಆ ಸ್ಯಾಕ್ಸ್ ಹೇಗೆ ಹೆಜ್ಜೆ ಇಡುತ್ತದೆ ಕೇಳಿ. ಅದೇ ಸಾಲಿನಲ್ಲಿ ಕರ್ನಾಟಕ ಕಾಲೇಜಿನ ಇದೇ ತಂಡ ಜರ್ಮನಿಯ ಡಿಸಿಡೆಂಟನ್ ಅನ್ನೋ ತಂಡದ ಜೊತೆ 1982ರಲ್ಲಿ ಮಾಡಿದ ‘ಜರ್ಮನಿಸ್ತಾನ್’ ಕಂಡರೆ ಅದನ್ನೂ ಬಿಡಬೇಡಿ.

ಪ್ರಶ್ನೆ: ಲಂಡನ್‌ನಲ್ಲಿ ಓದುತ್ತಿದ್ದೇನೆ. ಇಲ್ಲಿ ದಾನವಾಗಿ ಬಂದ ಸಾಮಾನು ಮಾರಿ ಅದರ ಹಣ ಸೇವೆಗೆ ಬಳಸುವ ಅಂಗಡಿಗಳಿವೆ. ಅಂಥ ಒಂದು ಕಡೆ ‘ಹಮ್ ದೋನೋ’ ಎಲ್‌ಪಿ 5 ಪೌಂಡಿಗೆ ಸಿಕ್ಕಿತು. ಮನೆಗೆ ಬಂದು ಬೆಲೆ ನೋಡಿ ತಲೆ ತಿರುಗಿತು. ವಾಪಸ್ ಹೋಗಿ ಹೇಳಬೇಕಾ? ಅಕ್ಕ ‘ಸುಮ್ನೆ ಇರು’ ಅಂತಾಳೆ.

ಉತ್ತರ: ಅಬ್ಬಾ! ಜಮೈಕಾದಿಂದ ಬಂದ ಸ್ಯಾಕ್ಸೋಫೋನ್ ವಾದಕ ಜೋ ಹ್ಯಾರಿಯಟ್, ಬೊಂಬಾಯಿಯಿಂದ ಬಂದ ಗಿಟಾರ್ ವಾದಕ ಅಮಾನ್ಸಿಯೋ ಡಿ’ಸಿಲ್ವಾ ಸೇರಿ 1969ರಲ್ಲಿ ಲಂಡನ್‌ನಲ್ಲಿ ಮಾಡಿದ ಎಲ್‌ಪಿ. ಮೊದಲ ಮುದ್ರಣ ಬ್ರಿಟನ್ನಿನ ಇಎಂಐ ರೆಕಾರ್ಡ್ ಕಂಪನಿಯ ಕೊಲಂಬಿಯಾ ಹೆಸರಿನಲ್ಲಿ, ಲ್ಯಾನ್ಸ್‌ಡೌನ್ ಸರಣಿಯಲ್ಲಿ ಬಂತು. ಆ ಹೊತ್ತಿಗೆ ಈ ಕೊಲಂಬಿಯಾ ಬೇರೆ, ಅಮೆರಿಕದ ಕೊಲಂಬಿಯಾ ಬೇರೆ, ಗೊಂದಲ ಬೇಡ. ಬ್ರಿಟಿಷ್ ಜಾಝ್ ಸಂಗ್ರಹಿಸುವವರು ಇದಕ್ಕಾಗಿ ವರ್ಷಗಟ್ಟಲೆ ಕಾಯುತ್ತಾರೆ.

ಈಗ ನಿಮ್ಮ ಪ್ರಶ್ನೆ. ಇದಕ್ಕೆ ಎಲ್ಲ ಕಡೆಗೂ ಒಂದೇ ಉತ್ತರ ಇಲ್ಲ. ರೆಕಾರ್ಡ್ ವ್ಯಾಪಾರ ಮಾಡುವವನೇ ಗೊತ್ತಿಲ್ಲದೆ ಅಗ್ಗಕ್ಕೆ ಕೊಟ್ಟರೆ, ಅದು ಅವನ ಕಸುಬು, ಅವನೇ ತಿಳಿದುಕೊಂಡಿರಬೇಕಿತ್ತು. ದುಡ್ಡು ಕೊಡಿ, ನಗು ಮುಖ ಇಟ್ಟುಕೊಂಡು ಬೇಗ ಹೊರಡಿ. ಗಂಡ ತೀರಿಕೊಂಡ ಮನೆಯಲ್ಲಿ ಅಜ್ಜಿ ಒಬ್ಬರು ಡಬ್ಬ ಮುಂದಿಟ್ಟು ‘ಏನಾದ್ರೂ ಕೊಡಪ್ಪ’ ಅಂದಾಗ ಮಾತ್ರ ಬಾಯಿ ಮುಚ್ಚಿಕೊಂಡು ಹೊತ್ತುಕೊಂಡು ಬರುವುದು ನನ್ನ ಲೆಕ್ಕದಲ್ಲಿ ಮೋಸವೇ. ಇದು ಬೆಲೆ ಬಾಳುತ್ತೆ ಅಜ್ಜಿ ಅಂತ ಹೇಳಿ ನ್ಯಾಯವಾದ ಬೆಲೆ ಕೊಟ್ಟು ತನ್ನಿ. ನೀವು ಹೇಳಿದಂಥ ಅಂಗಡಿ ಇವೆರಡರ ಮಧ್ಯದ್ದು. ಬೆಲೆ ಹಾಕಿದವರು ಅವರೇ, ಕೊಟ್ಟವರು ನೀವು, ವ್ಯಾಪಾರ ಮುಗಿದಿದೆ. ವಾಪಸ್ ಕೊಡಬೇಕಿಲ್ಲ. ಆದರೆ ಮುಂದೆ ಎಂದಾದರೂ ಮಾರಿದರೆ ಒಂದು ಪಾಲು ಆ ಅಂಗಡಿಯ ಡಬ್ಬಿಗೆ ಹಾಕಿ. ಅಕ್ಕನಿಗೂ ಇದು ಒಪ್ಪಿಗೆ ಆದೀತು.

ಹಾಗಂತ ನಾಳೆಯೇ ಮಾರಲು ಓಡಬೇಡಿ. ನ್ಯೂಯಾರ್ಕ್‌ನ ಬೀದಿಬದಿ ಮಾರಾಟದಲ್ಲಿ 2002ರಲ್ಲಿ ಒಬ್ಬರಿಗೆ 75 ಸೆಂಟಿಗೆ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ, ಮಾರಾಟಕ್ಕೆ ಮುಂಚೆ ಪರೀಕ್ಷೆಗೆಂದು ಮಾಡಿದ ಪ್ಲೇಟು ಸಿಕ್ಕಿತ್ತು. ಜಾಝ್ ಅಲ್ಲ, ರಾಕ್, ಇರಲಿ. 2006ರ ಮೊದಲ ಹರಾಜಿನಲ್ಲಿ ಬೆಲೆ 1,55,401 ಡಾಲರ್‌ವರೆಗೆ ಹೋಯಿತು. ಕೂಗಿದವರು ದುಡ್ಡು ಕೊಡಲಿಲ್ಲ. ಮತ್ತೆ ಹರಾಜಿಗಿಟ್ಟಾಗ ಬಂದದ್ದು 25,200. ಅದೇನೂ ಕಮ್ಮಿ ಅಲ್ಲ ಬಿಡಿ, ಆದರೆ ಮೊದಲು ಕೂಗಿದ ಬೆಲೆ ನಂಬಿ ಮನೆ ಬುಕ್ ಮಾಡಿದ್ದರೆ?

ಪ್ರಶ್ನೆ: ಮಂಗಳೂರಿನ ನಮ್ಮ ಹಳೇ ಮನೆಯ ಅಟ್ಟದಲ್ಲಿ ತಾತನ ಕಾಲದ 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳಿವೆ. ಟೆಡ್ಡಿ ವೆದರ್‌ಫೋರ್ಡ್ ಅನ್ನೋ ಹೆಸರಿನವು ಎರಡು. ಸ್ಪಿರಿಟ್ ಹಾಕಿ ಒರೆಸಲಾ?

ಉತ್ತರ: ಬೇಡ! ಬೇಡವೇ ಬೇಡ. ಆ ಕಾಲದ 78ರ ಪ್ಲೇಟುಗಳು ಅರಗಿನವು, ಸ್ಪಿರಿಟ್ ತಾಗಿದರೆ ಕರಗುತ್ತವೆ. ಒಣ ಬಟ್ಟೆಯಲ್ಲಿ ಧೂಳು ತೆಗೆಯಿರಿ, ಜಿಡ್ಡಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆ, ಕೂಡಲೇ ಒಣಗಿಸಿ. ಕೈಯಿಂದ ಜಾರಿದರೆ ಚೂರು ಚೂರು, ಅದಕ್ಕೆ ಕೆಳಗೆ ಒಂದು ಕಂಬಳಿ ಹಾಸಿಕೊಂಡು ಕೂತು ಮಾಡಿ.

ವೆದರ್‌ಫೋರ್ಡ್ ಅಮೆರಿಕದ ಪಿಯಾನೋ ವಾದಕ. ಬೊಂಬಾಯಿಯ ತಾಜ್‌ನಲ್ಲಿ, ಆಮೇಲೆ ಕಲ್ಕತ್ತಾದಲ್ಲಿ ವಾದ್ಯವೃಂದ ನಡೆಸಿದರು. 1945ರಲ್ಲಿ ಕಾಲರಾದಿಂದ ಕಲ್ಕತ್ತಾದಲ್ಲೇ ತೀರಿಕೊಂಡರು. ಆ ಎರಡು ಪ್ಲೇಟನ್ನು ಯಾರಿಗೂ ಸುಮ್ನೆ ಕೊಡಬೇಡಿ. ನಿಮ್ಮ ಎಲ್‌ಪಿ ಪ್ಲೇಯರ್‌ನಲ್ಲಿ ಹಾಕಲೂ ಬೇಡಿ. 78ರ ಗೆರೆ ಅಗಲ, ಎಲ್‌ಪಿ ಮುಳ್ಳು ಅದರೊಳಗೆ ತಳಕ್ಕೆ ಬಿದ್ದು ಅಲ್ಲಾಡುತ್ತದೆ, ಕರಕರ ಸದ್ದೇ ಜಾಸ್ತಿ ಕೇಳುತ್ತದೆ. ಸುಮಾರು ಮೂರು ಪಟ್ಟು ದಪ್ಪದ, 78ಕ್ಕೆಂದೇ ಮಾಡಿದ ಮುಳ್ಳು ಬೇರೆ ಸಿಗುತ್ತದೆ, ಅದನ್ನು ತರಿಸಿಕೊಳ್ಳಿ. ಅಷ್ಟರಲ್ಲಿ ಎರಡೂ ಬದಿಯ ಖಾಲಿ ಪಟ್ಟಿಯ ನಂಬರುಗಳ ಫೋಟೋ ತೆಗೆದು ಕಳಿಸಿ. ಕವರಿನದು ಬೇಡ!