ಪೆನ್ಷನ್‌ಗೆ ಕತ್ತರಿ ಬೀಳುತ್ತದೆಂದು ಅವಧಿಗೆ ಮೊದಲೇ ಫೌಜು ಬಿಡಬೇಕೆ?

ನೀವು ಕೇಳಿರುವುದು ಇಷ್ಟು: ಯಜಮಾನರು ಪುಣೆಯ ಖಡಕಿಯಲ್ಲಿ ಹವಾಲ್ದಾರ್, ವಯಸ್ಸು 40, ಸರ್ವಿಸ್ 22 ವರ್ಷ, ಬೇಸಿಕ್ 38,100 ರೂಪಾಯಿ. ಎಂಟನೇ ವೇತನ ಆಯೋಗ ಬಂದರೆ ಸೈನಿಕರ ಪೆನ್ಷನ್ ಕಡಿಮೆಯಾಗುತ್ತದೆ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದಕ್ಕೆ ಮುಂಚೆಯೇ ಅರ್ಜಿ ಹಾಕಿ ಹೊರಗೆ ಬರುವುದು ಒಳ್ಳೆಯದೇ, ಕಮ್ಯುಟೇಶನ್ (ಪೆನ್ಷನ್ನಿನ ಒಂದು ಭಾಗ ಮಾರಿ ಒಟ್ಟಿಗೆ ದುಡ್ಡು ಪಡೆಯುವುದು) ಎಷ್ಟು ಮಾಡಿಸಬೇಕು, ಊರಿಗೆ ಹೋಗುವ ಮುನ್ನ ಯಾವ ಕಾಗದ ನೋಡಿಕೊಳ್ಳಬೇಕು.

ಅರ್ಜಿ ಹಾಕಿಸಬೇಡಿ. ಆಯೋಗ ಏನು ಶಿಫಾರಸು ಮಾಡುತ್ತದೆ ಎಂಬುದು ಬರೀ ಊಹೆ. ಸ್ವಂತ ಕೋರಿಕೆಯ ಮೇಲೆ ಡಿಸ್ಚಾರ್ಜ್ ತೆಗೆದುಕೊಂಡರೆ ಏನು ಕೈತಪ್ಪುತ್ತದೆ ಎಂಬುದು ಮಾತ್ರ ಈಗಾಗಲೇ ಜಾರಿಯಲ್ಲಿರುವ ನಿಯಮ. ಒನ್ ರ್‍ಯಾಂಕ್ ಒನ್ ಪೆನ್ಷನ್ ಆದೇಶ 2015ರ ನವೆಂಬರ್ 7ರಂದು ಹೊರಟಾಗಲೇ, ಮುಂದೆ ತಾವಾಗಿ ಕೇಳಿಕೊಂಡು ಹೊರಬರುವವರಿಗೆ ಈ ಸೌಲಭ್ಯವಿಲ್ಲ ಎಂದು ಅದರಲ್ಲಿ ಬರೆದಿದ್ದರು. ಐದು ವರ್ಷಕ್ಕೊಮ್ಮೆ ಪೆನ್ಷನ್ ಪರಿಷ್ಕರಣೆ: 2014, 2019, 2024ರ ಜುಲೈ 1ರಂದು ಆಗಿದೆ, ಮುಂದಿನದು 2029ಕ್ಕೆ. ಅದೇ ರ್‍ಯಾಂಕ್, ಅಷ್ಟೇ ಸರ್ವಿಸ್ ಮಾಡಿ ಇತ್ತೀಚೆಗೆ ನಿವೃತ್ತರಾದವರ ಕನಿಷ್ಠ ಮತ್ತು ಗರಿಷ್ಠ ಪೆನ್ಷನ್‌ಗಳ ಸರಾಸರಿಗೆ ಹಳಬರನ್ನೂ ಏರಿಸುತ್ತಾರೆ. 24 ವರ್ಷದ ಸರ್ವಿಸ್ ಮುಗಿಸಿ 42ರಲ್ಲಿ ಮನೆಗೆ ಬರುವ ಹವಾಲ್ದಾರ್ 75ರ ತನಕ ಬದುಕಿದರೆ ಇಂಥ ಪರಿಷ್ಕರಣೆ ಆರೇಳು ಸಲ ಸಿಗುತ್ತದೆ. ಎರಡು ವರ್ಷ ಮೊದಲೇ ಬರುವ ಆತುರಕ್ಕೆ ಅದನ್ನು ಬಿಟ್ಟುಕೊಡುವುದು ದೊಡ್ಡ ನಷ್ಟ.

ಬರೀ ಇನ್‌ಕ್ರಿಮೆಂಟ್ ಲೆಕ್ಕವನ್ನೇ ನೋಡಿ. ಪೆನ್ಷನ್ ಅಂದರೆ ಕೊನೆಯ ಬೇಸಿಕ್ ಮತ್ತು ಮಿಲಿಟರಿ ಸರ್ವಿಸ್ ಪೇ ಸೇರಿಸಿ ಅದರ ಅರ್ಧ. ಎಕ್ಸ್ ಗ್ರೂಪ್ (ತಾಂತ್ರಿಕ ಕೆಲಸದವರ ಗುಂಪು) ಆಗಿದ್ದರೆ ಆ ಪೇ ಕೂಡ ಸೇರುತ್ತದೆ, ಇಲ್ಲಿ ಅದನ್ನು ಬಿಟ್ಟಿದ್ದೇನೆ. ಈಗ ಬೇಸಿಕ್ 38,100 ಮತ್ತು ಸರ್ವಿಸ್ ಪೇ 5,200 ಸೇರಿ 43,300, ಪೆನ್ಷನ್ 21,650. ಎರಡು ಇನ್‌ಕ್ರಿಮೆಂಟ್ ಆದ ಮೇಲೆ ಬೇಸಿಕ್ 40,400, ಪೆನ್ಷನ್ 22,800. ತಿಂಗಳಿಗೆ 1,150 ರೂಪಾಯಿ ವ್ಯತ್ಯಾಸ, ಅದರ ಮೇಲೆ ತುಟ್ಟಿಭತ್ಯೆ ಬೇರೆ. 24 ವರ್ಷ ತುಂಬಿದಾಗ ಸಿಗುವ ಮೂರನೇ ಎಂಎಸಿಪಿಯನ್ನು (ಬಡ್ತಿ ಸಿಗದಿದ್ದರೂ ಕೊಡುವ ವೇತನ ಏರಿಕೆ) ನಾನು ಸೇರಿಸಿಲ್ಲ. ಸ್ಕ್ರೀನಿಂಗ್ ಪಾಸಾಗಿ ಎರಡು ವರ್ಷ ಎಕ್ಸ್‌ಟೆನ್ಷನ್ ಸಿಕ್ಕರೆ, ನಾಯಬ್ ಸುಬೇದಾರ್ ಆದರೆ, ಲೆಕ್ಕ ಇನ್ನೂ ಮೇಲೆ ಹೋಗುತ್ತದೆ.

ಇನ್ನು ಆ ಭಯದ ಮೂಲ. ಆಯೋಗವನ್ನು 2025ರ ಜನವರಿಯಲ್ಲಿ ಘೋಷಿಸಿ, ಅಕ್ಟೋಬರ್ 28ರಂದು ಅದರ ಕಾರ್ಯವ್ಯಾಪ್ತಿಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಬಾಂಬೆ ಹೈಕೋರ್ಟಿನಲ್ಲೂ ಸುಪ್ರೀಂ ಕೋರ್ಟಿನಲ್ಲೂ ನ್ಯಾಯಮೂರ್ತಿಯಾಗಿದ್ದ ರಂಜನಾ ಪ್ರಕಾಶ್ ದೇಸಾಯಿ ಅಧ್ಯಕ್ಷರು. ವರದಿಗೆ 18 ತಿಂಗಳು, ಅಂದರೆ 2027ರ ಮಧ್ಯದವರೆಗೆ ಸಮಯ ಇದೆ. ನೌಕರರಿಂದ ವಂತಿಗೆಯಿಲ್ಲದೆ ಸರ್ಕಾರವೇ ಪೂರ್ತಿ ಹೊರುವ ಪಿಂಚಣಿಗಳ ವೆಚ್ಚವನ್ನು ಗಮನದಲ್ಲಿಟ್ಟುಕೊಳ್ಳಬೇಕು ಎಂಬ ಒಂದು ಸಾಲು ಆ ಕಾರ್ಯವ್ಯಾಪ್ತಿಯಲ್ಲಿದೆ. ಸೈನಿಕರ ಪಿಂಚಣಿ ಇದೇ ಬಗೆಯದು. 2004ರ ಜನವರಿ 1ರಿಂದ, ನೌಕರರೂ ವಂತಿಗೆ ಕಟ್ಟುವ ಎನ್‌ಪಿಎಸ್ ಬಂದಾಗ ಮೂರೂ ಪಡೆಗಳನ್ನು ಅದರ ಹೊರಗಿಟ್ಟರು. ಮೆಸೇಜುಗಳೆಲ್ಲ ಹುಟ್ಟಿದ್ದು ಈ ಸಾಲಿನಿಂದ. ಗಮನದಲ್ಲಿಡಿ ಎಂದರೆ ಕಡಿಮೆ ಮಾಡಿ ಎಂದಲ್ಲ, ಆದರೂ ಮಾಜಿ ಸೈನಿಕರ ಸಂಘಟನೆಗಳು ಈ ಸಾಲಿನ ಮೇಲೆ ಕಣ್ಣಿಟ್ಟಿರಲೇಬೇಕು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು, 2025ರ ಮಾರ್ಚಿನಲ್ಲಿ ಹಣಕಾಸು ಮಸೂದೆಯ ಜೊತೆ ಪಾಸಾದ ಪಿಂಚಣಿ ನಿಯಮಗಳ ಭಾಗ. ನಿವೃತ್ತಿಯ ದಿನಾಂಕದ ಆಧಾರದ ಮೇಲೆ ಪಿಂಚಣಿದಾರರಲ್ಲಿ ವ್ಯತ್ಯಾಸ ಮಾಡುವ ಅಧಿಕಾರ ಸರ್ಕಾರಕ್ಕಿದೆ ಎಂದು ಅದು ಹೇಳುತ್ತದೆ. ಆದರೆ ಅದು ಸಿವಿಲ್ ನಿಯಮಗಳಿಗೆ ಸಂಬಂಧಿಸಿದ್ದು, ರಕ್ಷಣಾ ಪಿಂಚಣಿಗೆ ತಟ್ಟುವುದಿಲ್ಲ ಎಂದು ನಿರ್ಮಲಾ ಸೀತಾರಾಮನ್ ರಾಜ್ಯಸಭೆಯಲ್ಲೇ ಹೇಳಿದ್ದಾರೆ. ಅಗ್ನಿವೀರರಿಗೆ ಪೆನ್ಷನ್ ಇಲ್ಲ ಎಂಬ ಮಾತು ಇವೆರಡರ ಜೊತೆ ಕಲಸಿಹೋಗಿದೆ. ಅದು 2022ರ ನಂತರ ನಾಲ್ಕು ವರ್ಷಕ್ಕೆ ಸೇರಿದವರ ವಿಷಯ, ನಿಮ್ಮ ಯಜಮಾನರಿಗೆ ಸಂಬಂಧವಿಲ್ಲ.

ಮುಖ್ಯವಾದ ದಿನಾಂಕ ಒಂದೇ: ಶಿಫಾರಸು ಎಂದಿನಿಂದ ಜಾರಿ ಎಂಬುದು. ಹತ್ತು ವರ್ಷಕ್ಕೊಮ್ಮೆಯ ರೂಢಿಯಂತೆ 2026ರ ಜನವರಿ 1 ಎಂದು ನಿರೀಕ್ಷಿಸಬಹುದು ಎಂದು ಸರ್ಕಾರದ ಪ್ರಕಟಣೆಯೇ ಹೇಳಿದೆ, ಅಧಿಸೂಚನೆ ಆಯೋಗದ ವರದಿಯ ನಂತರವೇ. ಏಳನೇ ಆಯೋಗದ ಆದೇಶ 2016ರ ಮಧ್ಯದಲ್ಲಿ ಬಂದರೂ ಜಾರಿ ಜನವರಿ 1ರಿಂದ ಆಯಿತು. ನಡುವೆ ನಿವೃತ್ತರಾದವರಿಗೆ ಪೆನ್ಷನ್, ಗ್ರಾಚ್ಯುಟಿ, ಕಮ್ಯುಟೇಶನ್ ಮೂರನ್ನೂ ಹೊಸ ಬೇಸಿಕ್ ಮೇಲೆ ಲೆಕ್ಕ ಹಾಕಿ ಬಾಕಿ ಕೊಟ್ಟರು. ಈ ಸಲವೂ ಹಾಗೇ ಆದರೆ ಇವತ್ತು ಬಂದರೂ ಎರಡು ವರ್ಷ ಬಿಟ್ಟು ಬಂದರೂ ಅವರು ಹೊಸ ವೇತನದ ಸಾಲಿನಲ್ಲೇ ಇರುತ್ತಾರೆ. ಬೇಗ ಬಂದದ್ದರಿಂದ ದಕ್ಕುವುದು ಏನೂ ಇಲ್ಲ.

ಕಮ್ಯುಟೇಶನ್ ವಿಷಯಕ್ಕೆ ಬರೋಣ. ಸಿವಿಲ್ ನೌಕರರಿಗೆ ಶೇ. 40, ಸೈನಿಕರಿಗೆ ಶೇ. 50ರ ತನಕ ಮಾರಬಹುದು. 22,800ರಲ್ಲಿ ಅರ್ಧ, 11,400 ಮಾರಿದರೆ ಮುಂದಿನ ಹುಟ್ಟುಹಬ್ಬಕ್ಕೆ 43 ತುಂಬುವವರಿಗೆ ಸರ್ಕಾರದ ಕಮ್ಯುಟೇಶನ್ ಕೋಷ್ಟಕದ ಅಂಕಿ 9.040. 11,400ನ್ನು 12ರಿಂದ, ಆಮೇಲೆ 9.040ರಿಂದ ಗುಣಿಸಿ: 12,36,672 ರೂಪಾಯಿ ಒಟ್ಟಿಗೆ ಕೈಗೆ ಬರುತ್ತದೆ, ಅದಕ್ಕೆ ಆದಾಯ ತೆರಿಗೆ ಇಲ್ಲ. 15 ವರ್ಷ ತಿಂಗಳಿಗೆ 11,400 ಕಡಿತ, ಒಟ್ಟು 20,52,000. ಇದು ವರ್ಷಕ್ಕೆ ಸುಮಾರು ಶೇ. 7.4ರ ಬಡ್ಡಿಯ ಸಾಲಕ್ಕೆ ಸಮ. ತುಟ್ಟಿಭತ್ಯೆ ಮಾತ್ರ ಪೂರ್ತಿ 22,800ರ ಮೇಲೆಯೇ ಬರುತ್ತಿರುತ್ತದೆ. ನಡುವೆ ಏನಾದರೂ ಹೆಚ್ಚುಕಡಿಮೆಯಾದರೆ ಉಳಿದ ಕಂತು ನಿಮ್ಮ ಫ್ಯಾಮಿಲಿ ಪೆನ್ಷನ್‌ನಲ್ಲಿ ಮುರಿಯುವುದಿಲ್ಲ. ಯಾವ ಬ್ಯಾಂಕ್ ಸಾಲದಲ್ಲೂ ಈ ಅನುಕೂಲ ಇಲ್ಲ.

ಹಾಗಾಗಿ ಪುಣೆಯ ದಿಘಿಯಲ್ಲೋ ಬೆಳಗಾವಿಯಲ್ಲೋ ಮನೆ ಕಟ್ಟಲು ಶೇ. 8.5ಕ್ಕೆ ಸಾಲ ತೆಗೆಯುವ ಯೋಚನೆ ಇದ್ದರೆ ಪೂರ್ತಿ ಅರ್ಧ ಮಾರಿಸಿ. ದುಡ್ಡನ್ನು ತಂದು ಎಫ್‌ಡಿಯಲ್ಲಿ ಇಡುವುದಾದರೆ, ಅಥವಾ ಯಾರೋ ನೆಂಟರು ಪ್ಲಾಟಿನ ಆಸೆ ತೋರಿಸುತ್ತಿದ್ದರೆ, ಬೇಡ. ಕಾಲು ಭಾಗ ಮಾತ್ರ ಮಾರುವ ಅವಕಾಶವೂ ಇದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಕಡಿತವನ್ನು 12 ವರ್ಷಕ್ಕೆ ಇಳಿಸಬೇಕೆಂಬ ಬೇಡಿಕೆ ಹಳೆಯದು, ನಿಯಮ ಇಂದಿಗೂ 15. ಇಳಿಯುತ್ತದೆಂದು ನಂಬಿ ಲೆಕ್ಕ ಹಾಕಬೇಡಿ. ಕಳೆದ ಸಲ ಬೇಸಿಕ್ ಏರಿದಾಗ ಹೆಚ್ಚುವರಿ ಮೊತ್ತವನ್ನು ಮಾರುವುದು ಬಿಡುವುದು ಆಯ್ಕೆಗೆ ಬಿಟ್ಟಿದ್ದರು. ಈ ಸಲವೂ ಕೇಳಿದರೆ ಕಣ್ಣುಮುಚ್ಚಿ ಸಹಿ ಹಾಕಬೇಡಿ.

ಪೆನ್ಷನ್ ನಿಜವಾಗಿ ನಿಲ್ಲುವುದು ಆಯೋಗದಿಂದಲ್ಲ, ಹೆಸರಿನ ಅಕ್ಷರದಿಂದ. ಪುಣೆಯಲ್ಲಿರುವ ನಮ್ಮವರ ಮನೆಗಳಲ್ಲಿ ಇದು ವಿಪರೀತ. ಮದುವೆಯಾದಾಗ ಯೂನಿಟ್ ಹೊರಡಿಸುವ, ಮನೆಯವರ ವಿವರ ದಾಖಲಿಸುವ ಪಾರ್ಟ್ ಟೂ ಆರ್ಡರ್‌ನಲ್ಲಿ ಹೆಂಡತಿಯ ಹೆಸರು ತವರಿನದು. ಇಲ್ಲಿ ಮಾಡಿಸಿದ ಆಧಾರ್‌ನಲ್ಲಿ ಮರಾಠಿ ರೂಢಿಯಂತೆ ತನ್ನ ಹೆಸರು, ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ಊರಿನ ರೇಷನ್ ಕಾರ್ಡಿನಲ್ಲಿ ಅಡ್ಡಹೆಸರೇ ಮೊದಲು. ರಕ್ಷಣಾ ಪೆನ್ಷನ್ ಕೊಡುವ ಸ್ಪರ್ಶ್ ಪೋರ್ಟಲ್ ರೆಕಾರ್ಡ್ ಆಫೀಸು ಕಳಿಸಿದ್ದನ್ನೇ ಹಿಡಿಯುತ್ತದೆ. ಯಜಮಾನರು ಯೂನಿಟ್‌ನಲ್ಲಿ ಇರುವಾಗಲೇ, ಡಿಸ್ಚಾರ್ಜ್‌ಗೆ ಒಂದು ವರ್ಷ ಮುಂಚೆಯೇ, ನಿಮ್ಮ ಮತ್ತು ಮಕ್ಕಳ ಹೆಸರು, ಜನ್ಮದಿನಾಂಕಗಳನ್ನು ಆಧಾರ್ ಜೊತೆ ಒಂದೊಂದಕ್ಷರ ಹೋಲಿಸಿ, ತಪ್ಪಿದ್ದರೆ ಪಾರ್ಟ್ ಟೂ ಆರ್ಡರ್ ಮಾಡಿಸಿ. ಮನೆಗೆ ಬಂದ ಮೇಲೆ ಇದೇ ಕೆಲಸಕ್ಕೆ ಅಫಿಡವಿಟ್, ಪತ್ರ, ತಿಂಗಳುಗಟ್ಟಲೆ ಕಾಯುವುದು. ಪಿಪಿಓ (ಪೆನ್ಷನ್ ಮಂಜೂರಾತಿ ಆದೇಶ) ಕೈಗೆ ಬಂದಾಗ ಮೊದಲು ನೋಡಬೇಕಾದ್ದೂ ಫ್ಯಾಮಿಲಿ ಪೆನ್ಷನ್‌ನಲ್ಲಿ ನಿಮ್ಮ ಹೆಸರು ಹೇಗಿದೆ ಎಂದು, ಮೊತ್ತ ಆಮೇಲೆ.

ಹೊರಬರುವ ಮುನ್ನ ನಡೆಯುವ ವೈದ್ಯಕೀಯ ಪರೀಕ್ಷೆ, ರಿಲೀಸ್ ಮೆಡಿಕಲ್ ಬೋರ್ಡಿನಲ್ಲಿ ಬಿಪಿ, ಮಂಡಿನೋವು ಏನಿದ್ದರೂ ಮುಚ್ಚಿಡದೆ ಬರೆಸಲಿ. ಬಿಟ್ಟುಹೋದದ್ದನ್ನು ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ.

ಇನ್ನು ಪ್ರತಿ ವರ್ಷದ ಜೀವನ ಪ್ರಮಾಣ, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಎಂಬ ಪ್ರಮಾಣಪತ್ರ. ಮೊಬೈಲಿನಲ್ಲೋ ಸಿಎಸ್‌ಸಿ ಅಂಗಡಿಯಲ್ಲೋ ಮಾಡಿಸುವಾಗ ಪೆನ್ಷನ್ ಕೊಡುವ ಸಂಸ್ಥೆ ಎಂಬಲ್ಲಿ ಅಂಗಡಿಯವರು ಅಭ್ಯಾಸಬಲದಿಂದ ಬ್ಯಾಂಕಿನ ಹೆಸರು ಒತ್ತಿಬಿಡುತ್ತಾರೆ. ಅಲ್ಲಿ ಆಯ್ಕೆ ಮಾಡಬೇಕಾದ್ದು ಸ್ಪರ್ಶ್ ಪಿಸಿಡಿಎ, ಅಂದರೆ ರಕ್ಷಣಾ ಪೆನ್ಷನ್ನಿನ ಲೆಕ್ಕಪತ್ರ ಕಚೇರಿ. ಬ್ಯಾಂಕ್ ಒತ್ತಿದರೆ ಪ್ರಮಾಣಪತ್ರ ಪ್ರಯಾಗರಾಜ್‌ನ ಕಚೇರಿಗೆ ತಲುಪುವುದಿಲ್ಲ, ಕೆಲವು ತಿಂಗಳಲ್ಲಿ ಖಾತೆಗೆ ದುಡ್ಡು ಬರುವುದು ನಿಲ್ಲುತ್ತದೆ. ಒಟಿಪಿ, ಪಾಸ್‌ವರ್ಡ್ ಎಲ್ಲ ಬರುವುದು ನೋಂದಾಯಿಸಿದ ನಂಬರಿಗೆ, ಆದ್ದರಿಂದ ಕಾಗದ ತುಂಬುವಾಗ ಊರಿಗೆ ಹೋದ ಮೇಲೂ ಚಾಲೂ ಇರುವ ಸಿಮ್ ನಂಬರನ್ನೇ ಕೊಡಿ.