ಓದುಗರ ಪ್ರಶ್ನೆ: ಕೋವಿ ಕಲಿಸಲು ಕೊಡೆ ಸಾಕು

ಪ್ರಶ್ನೆ: ನನಗೆ 71 ವರ್ಷ. ಹೆಬ್ರಿ ಹತ್ತಿರ ಅಡಿಕೆ ತೋಟ ಉಂಟು. ಹಂದಿ, ಮಂಗನ ಕಾಟಕ್ಕೆ ಅಂತ ನನ್ನ ಹೆಸರಲ್ಲಿ ಒಂದು ಜೋಡು ನಳಿಗೆ ಕೋವಿ ಇದೆ. ಮಗ ಬೆಂಗಳೂರು ಬಿಟ್ಟು ಊರಿಗೆ ಬಂದಿದ್ದಾನೆ. ಅವನಿಗೂ ತಂಗಿಯ ಮಗಳಿಗೂ ಕೋವಿ ಹಿಡಿಯುವುದನ್ನು ಕಲಿಸಬೇಕು. ಒಬ್ಬರು ನಾಲ್ಕು ನಿಯಮ ಅಂತಾರೆ, ಇನ್ನೊಬ್ಬರು ಹತ್ತು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಕಾಗದದ ಕೆಲಸ ಮುಗಿಸೋಣ. ಲೈಸೆನ್ಸ್ ನಿಮ್ಮ ಹೆಸರಲ್ಲಿದೆ, ಹಾಗಾಗಿ ಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಎರಡು ಈಡು ಹೊಡೆಸುವ ಯೋಚನೆ ಇದ್ದರೆ ಬಿಟ್ಟುಬಿಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 70 ವರ್ಷ ಆದವರು, ಇಲ್ಲವೇ ಕೋವಿ ಇಟ್ಟುಕೊಂಡು 25 ವರ್ಷ ಆದವರು, ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು ಕೇಳಬಹುದು. ಮಗನಿಗೆ 21 ತುಂಬಿರಬೇಕು, ಸುರಕ್ಷತಾ ತರಬೇತಿಯ ಸರ್ಟಿಫಿಕೇಟೂ ಬೇಕು. ಪೊಲೀಸರು ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ, ಠಾಣೆಯಲ್ಲಿ ವಿಚಾರಿಸಿ. ಗುಂಡು ಹೊಡೆಯುವುದನ್ನು ಇಬ್ಬರೂ ಅಲ್ಲೇ ಕಲಿಯಲಿ.

ಮನೆಯಲ್ಲಿ ಕಲಿಸಬೇಕಾದದ್ದಕ್ಕೆ ಕೋವಿಯೇ ಬೇಡ. ಉದ್ದ ಹಿಡಿಯ ಕೊಡೆ ಸಾಕು.

ನಾಲ್ಕು ನಿಯಮ ಅಂತ ಎಲ್ಲರೂ ಹೇಳುವುದು ಅಮೆರಿಕದ ಮಾಜಿ ಮರೀನ್ ಅಧಿಕಾರಿ ಜೆಫ್ ಕೂಪರ್ ಹೇಳಿಕೊಟ್ಟದ್ದು: ಪ್ರತಿ ಕೋವಿಯಲ್ಲೂ ಗುಂಡು ಇದೆ ಅಂತಲೇ ತಿಳಿ, ಹಾಳಾಗಬಾರದ ಯಾವುದರ ಕಡೆಗೂ ಕೋವಿಯ ಬಾಯಿ (ಗುಂಡು ಹೊರಬರುವ ತುದಿ) ತಿರುಗಿಸಬೇಡ, ಗುರಿ ಹಿಡಿಯುವವರೆಗೆ ಟ್ರಿಗರ್ ಮೇಲೆ ಬೆರಳಿಡಬೇಡ, ಗುರಿ ಯಾವುದು ಅದರ ಹಿಂದೆ ಏನಿದೆ ನೋಡಿಕೊ. ನಾಲ್ಕೂ ಸರಿ, ಆದರೆ ಒಂದೇ ದಿನ ಒಪ್ಪಿಸಿದರೆ ಮಗ್ಗಿ ಥರ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ನಾನಾದರೆ ಮೊದಲ ವಾರ ಕೋವಿಯ ಬಾಯಿಯ ವಿಷಯ ಒಂದೇ ಹೇಳುತ್ತೇನೆ. ಕೊಡೆಯ ತುದಿಯೇ ಕೋವಿಯ ಬಾಯಿ. ಅದನ್ನು ಹಿಡಿದು ಜಗಲಿಯಿಂದ ಅಡುಗೆ ಮನೆಗೆ ಹೋಗಿ, ಅಲ್ಲಿಂದ ಅಂಗಳಕ್ಕೆ ಇಳಿದು ವಾಪಸ್ ಬರಬೇಕು, ತುದಿ ಯಾರ ಕಡೆಗೂ, ನಾಯಿಯ ಕಡೆಗೂ, ತನ್ನ ಕಾಲಿನ ಕಡೆಗೂ ತಿರುಗಬಾರದು. ಹಿಂದಿನಿಂದ ಯಾರಾದರೂ ಹೆಸರು ಕರೆಯಿರಿ. ತಟ್ಟನೆ ತಿರುಗುವಾಗಲೇ ಎಲ್ಲರೂ ತಪ್ಪುತ್ತಾರೆ!

ಬಾಯಿಗೇ ಯಾಕೆ ಮೊದಲ ಜಾಗ ಅಂದರೆ, ನಾನು ಚಿಕ್ಕವನಿದ್ದಾಗ ಮಾವನ ಮನೆಯಲ್ಲಿ ನೋಡಿದ್ದು. ನೆಂಟರೊಬ್ಬರು ಕೋವಿ ಒರೆಸುತ್ತಾ "ಖಾಲಿ ಉಂಟು ಮಾರಾಯ" ಅಂದರು. ಢಂ! ತೆರೆದು ನೋಡಿರಲಿಲ್ಲ, ಬೆರಳೂ ಟ್ರಿಗರ್ ಮೇಲಿತ್ತು. ಎರಡು ತಪ್ಪು. ಆದರೆ ಬಾಯಿ ಮೇಲಕ್ಕಿದ್ದದ್ದರಿಂದ ನಾಲ್ಕು ಹಂಚು ಹೋಯಿತು, ಅಷ್ಟೇ. ಅತ್ತೆ ಆ ಮಳೆಗಾಲ ಪೂರ್ತಿ ಅಲ್ಲೊಂದು ಬಕೆಟ್ ಇಟ್ಟಿದ್ದರು.

ಬೆರಳಿನ ಅಭ್ಯಾಸವೂ ಕೊಡೆಯಲ್ಲೇ ಆಗುತ್ತದೆ, ಬಟನ್ ಮೇಲೆ ಬೆರಳು ಹೋಗದಂತೆ ಪಕ್ಕಕ್ಕೆ ಚಾಚಿ ಹಿಡಿಯಲಿ. ಗುರಿಯ ವಿಷಯಕ್ಕೆ ಮಾತ್ರ ತೋಟಕ್ಕೇ ಹೋಗಿ, ಕತ್ತಲಾದ ಮೇಲೆ, ಟಾರ್ಚ್ ಹಿಡಿದು. ಪೊದೆ ಅಲ್ಲಾಡಿದ ಕಡೆ ಬೆಳಕು ಬಿಟ್ಟು ಕೇಳಿ, ಏನು ಕಾಣುತ್ತದೆ, ಅದರ ಆಚೆ ಏನಿದೆ? ಪಕ್ಕದ ಮನೆಯ ಕೊಟ್ಟಿಗೆಯಾ, ರಸ್ತೆಯಾ? ಆಟಿಕೆ ಥರ ಕಾಣುವ ಪಾಯಿಂಟ್ 22 ರೈಫಲಿನ ಗುಂಡು ಕೂಡ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಮುರಕಲ್ಲಿಗೆ ಬಡಿದರೆ ಯಾವ ಕಡೆ ಚಿಮ್ಮುತ್ತದೋ ಹೇಳಲಾಗದು.

ಪ್ರಶ್ನೆ: ಚುನಾವಣೆಗೆ ಠಾಣೆಯಲ್ಲಿ ಠೇವಣಿ ಇಟ್ಟ 12 ಬೋರ್ ಕೋವಿ ವಾಪಸ್ ಬಂತು. ಹಾಗೇ ಉಪಯೋಗಿಸಬಹುದಾ? (ಕಾರ್ಕಳದ ಓದುಗರು)

ಉತ್ತರ: ಬೇಡ. ಯಾರ ಕೈಯಿಂದ ಬಂದರೂ ಮೊದಲು ತೆರೆದು ನೋಡಿ, ತೋಟೆ (ಕಾರ್ಟ್ರಿಜ್) ಕೂರುವ ಜಾಗಕ್ಕೆ ಬೆರಳು ಹಾಕಿಯೂ ನೋಡಿ. ತೋಟೆ ಇಲ್ಲ ಅಂತ ಖಾತ್ರಿಯಾದ ಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ಇಣುಕಿ. ನಮ್ಮ ಕಡೆಯ ತೇವಕ್ಕೆ ತುಕ್ಕು ಹಿಡಿದಿರುತ್ತದೆ, ಕೆಲವೊಮ್ಮೆ ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ. ಅದರ ಮೇಲೆ ಈಡು ಹೊಡೆದರೆ ನಳಿಗೆ ನಿಮ್ಮ ಕೈಯಲ್ಲೇ ಒಡೆಯಬಹುದು. ಡಬ್ಬಿಯಲ್ಲಿ ಹಳದಿ ತೋಟೆ ಇದ್ದರೆ ಬೇರೆ ಎತ್ತಿಡಿ, ಅದು ಸಾಮಾನ್ಯವಾಗಿ 20 ಬೋರಿನದ್ದು. ಬೋರ್ ಸಂಖ್ಯೆ ದೊಡ್ಡದಾದಷ್ಟು ತೋಟೆ ಸಪೂರ. 12 ಬೋರಿಗೆ ಹಾಕಿದರೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಖಾಲಿ ಅಂದುಕೊಂಡು ಅದರ ಹಿಂದೆಯೇ ಇನ್ನೊಂದು ಹಾಕುತ್ತೀರಿ. ಆಗ ಈಡು ಹೊಡೆದರೂ ನಳಿಗೆ ಒಡೆಯಬಹುದು.