ಮುಖ ಅವರದೇ, ದನಿ ಬೇರೆಯವರದು

ಮಾನ್ಯರೇ,

ಹೆಸರು ಬೇಡ, ಮಾತು ಮಾತ್ರ ಅಚ್ಚಾಗಲಿ ಎಂದು ಕೋರಿದ್ದೀರಿ. ಹಾಗೆಯೇ ಆಗಲಿ. ನಮ್ಮಿಬ್ಬರ ಜಗಳಕ್ಕೆ ಕಾರಣವಾದ ಸರ್ಕಾರ ಕೇಳಿದ್ದು ಇನ್ನೂ ವಿಚಿತ್ರವಾದದ್ದನ್ನು: ಹೆಸರು ಇರಲಿ, ಮುಖ ಇರಲಿ, ಮಾತೂ ಇರಲಿ, ದನಿ ಮಾತ್ರ ಬೇಡ.

ಬ್ರಿಟನ್ನಿನ 1988ರ ಪ್ರಸಾರ ನಿರ್ಬಂಧವನ್ನು ಕಳೆದ ಸಂಚಿಕೆಯಲ್ಲಿ ‘ನಗೆಪಾಟಲು’ ಎಂದು ಕರೆದದ್ದು ನಿಮಗೆ ಸರಿಬಂದಿಲ್ಲ. ನಿಷೇಧಿತ ಸಂಘಟನೆಯ ಕೈಗೆ ಮೈಕು ಕೊಡುವುದು ಬಾಂಬಿಗೆ ಬತ್ತಿ ಹೊಸೆದು ಕೊಟ್ಟಂತೆ ಎನ್ನುತ್ತೀರಿ. ಸತ್ತವರ ಮನೆಯವರು ಕೊಂದವರ ವಕ್ತಾರನ ಮಾತನ್ನು ಕುಳಿತು ಕೇಳಬೇಕೇ ಎಂದು ಪ್ರಶ್ನಿಸುತ್ತೀರಿ.

ಎರಡನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ನನ್ನನ್ನು ಚುಚ್ಚಿತು. 1987ರ ನವೆಂಬರ್ 8ರಂದು ಉತ್ತರ ಐರ್ಲೆಂಡಿನ ಎನಿಸ್ಕಿಲನ್ ಪಟ್ಟಣದಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಸೇರಿದ್ದ ಜನರ ನಡುವೆ, ಅಲ್ಲಿನ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐರಿಷ್ ಸಂಘಟನೆ ಐಆರ್‌ಎ ಇಟ್ಟ ಬಾಂಬು ಸಿಡಿದು ಹನ್ನೊಂದು ಮಂದಿ ಸತ್ತರು. ಅವಶೇಷದಡಿ ಸಿಲುಕಿ ಮಗಳ ಕೈ ಹಿಡಿದುಕೊಂಡೇ ಇದ್ದ ಗಾರ್ಡನ್ ವಿಲ್ಸನ್ ಬದುಕಿ ಹೊರಬಂದರು, ಮಗಳು ಉಳಿಯಲಿಲ್ಲ. ತಮಗೆ ಯಾರ ಮೇಲೂ ಹಗೆಯಿಲ್ಲ ಎಂದು ಅವರು ಬಿಬಿಸಿಯಲ್ಲಿ ಹೇಳಿದಾಗ ಇಡೀ ದೇಶ ಕಿವಿಗೊಟ್ಟಿತು. ಅದೇ ಸಾಲುಗಳನ್ನು ವಾರ್ತಾವಾಚಕರೊಬ್ಬರು ಓದಿ ಹೇಳಿದ್ದರೆ ಅಷ್ಟು ತಟ್ಟುತ್ತಿರಲಿಲ್ಲ. ದನಿಗೆ ಶಕ್ತಿಯಿದೆ ಎಂಬ ನಿಮ್ಮ ಮಾತನ್ನು ಆದ್ದರಿಂದ ಪೂರ್ತಿ ಒಪ್ಪುತ್ತೇನೆ. ಭಯೋತ್ಪಾದಕರಿಗೆ ಪ್ರಚಾರವೇ ಆಮ್ಲಜನಕ ಎಂದು 1985ರಲ್ಲಿ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಹೇಳಿದ್ದರ ಹಿಂದಿದ್ದದ್ದೂ ಇದೇ ತಿಳಿವಳಿಕೆ.

1988ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಬ್ಯಾಲಿಗಾಲಿ ಬಳಿ ಐಆರ್‌ಎ ಸೈನಿಕರ ಬಸ್ಸಿಗೆ ಬಾಂಬಿಟ್ಟು ಎಂಟು ಮಂದಿಯನ್ನು ಕೊಂದಿತು. ಅಕ್ಟೋಬರ್ 19ರಂದು ಗೃಹ ಸಚಿವ ಡಗ್ಲಸ್ ಹರ್ಡ್ ನಿರ್ಬಂಧವನ್ನು ಪ್ರಕಟಿಸಿದರು. ಹನ್ನೊಂದು ಸಂಘಟನೆಗಳ ಪ್ರತಿನಿಧಿಗಳ ಮಾತನ್ನು ಅವರದೇ ದನಿಯಲ್ಲಿ ಪ್ರಸಾರ ಮಾಡುವಂತಿಲ್ಲ.

ಇಲ್ಲಿ ನಿಮ್ಮ ಪತ್ರದ ಒಂದು ಪದವನ್ನು ತಿದ್ದಬೇಕು. ‘ನಿಷೇಧಿತ’ ಎಂದು ಆರು ಸಲ ಬರೆದಿದ್ದೀರಿ, ಎಣಿಸಿದೆ. ಆದರೆ ಆ ಪಟ್ಟಿಯಲ್ಲಿದ್ದ ಸಿನ್ ಫೇನ್ ಆಗ ನಿಷೇಧಿತ ಪಕ್ಷವಾಗಿರಲಿಲ್ಲ. ಅದರ ನಾಯಕ ಜೆರಿ ಆಡಮ್ಸ್ 1983ರಿಂದ ಪಶ್ಚಿಮ ಬೆಲ್‌ಫಾಸ್ಟಿನ ಸಂಸದರಾಗಿದ್ದರು. ಸ್ಥಳೀಯ ಸಂಸ್ಥೆಗಳಲ್ಲಿ ಅದರ ಹತ್ತಾರು ಸದಸ್ಯರಿದ್ದರು. ಬ್ರಿಟನ್ ಪರವಾದ ಎದುರು ಬಣದ ಸಶಸ್ತ್ರ ಗುಂಪು ಯುಡಿಎ ಕೂಡ 1992ರವರೆಗೆ ಕಾನೂನುಬದ್ಧ ಸಂಘಟನೆಯೇ. ಐಆರ್‌ಎಗೂ ಸಿನ್ ಫೇನಿಗೂ ಇದ್ದ ನಂಟು ಊರಿಗೆಲ್ಲ ಗೊತ್ತಿತ್ತು, ನಿಜ. ಆದರೂ ಮತ ಹಾಕಲು ಅಡ್ಡಿಯಿಲ್ಲ, ಮತ ಪಡೆದವರ ದನಿ ಕೇಳಲು ಮಾತ್ರ ಅಡ್ಡಿ ಎಂಬುದು ಯಾವ ನ್ಯಾಯ?

ಇನ್ನು ನಗೆಪಾಟಲಿನ ವಿಷಯ. ಆ ಪದವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ದನಿ ಕೂಡದು ಎಂದಾಗ ವಾಹಿನಿಗಳು ನಟರನ್ನು ಕರೆತಂದವು. ಪರದೆಯ ಮೇಲೆ ಆಡಮ್ಸ್ ತುಟಿ ಆಡಿಸುತ್ತಿದ್ದರು, ಕೇಳುತ್ತಿದ್ದದ್ದು ಸ್ಟೀಫನ್ ರೇ ಅವರಂಥ ನಟರ ಕಂಠ. ಬರಬರುತ್ತ ನಟರು ಎಷ್ಟು ಪಳಗಿದರೆಂದರೆ ತುಟಿಗೂ ಮಾತಿಗೂ ತಾಳ ತಪ್ಪುತ್ತಿರಲಿಲ್ಲ. (ಪಳಗಿದ ಕಂಠವನ್ನು ಸರ್ಕಾರದ ಕೃಪೆಯಿಂದ ಪಡೆಯುವ ಭಾಗ್ಯ ಎಷ್ಟು ರಾಜಕಾರಣಿಗಳಿಗಿದೆ!) ಸಂಸತ್ತಿನಲ್ಲಿ ಆಡಿದ ಮಾತಿಗೆ ವಿನಾಯಿತಿ ಇತ್ತು, ಆದರೆ ಬ್ರಿಟಿಷ್ ಆಳ್ವಿಕೆಯನ್ನು ಒಪ್ಪದ ಸಿನ್ ಫೇನಿನವರು ಆ ಸಂಸತ್ತಿನಲ್ಲಿ ಕೂರುವುದೇ ಇಲ್ಲ. ಚುನಾವಣೆಯ ಪ್ರಚಾರಕ್ಕೂ ವಿನಾಯಿತಿ. ಮತದಾನ ಮುಗಿದರೆ ಅದೇ ಮನುಷ್ಯ ಮತ್ತೆ ಮೂಗ.

ನಗು ನಿಲ್ಲುವುದು ಇದರ ನಂತರ. ಧ್ವನಿ ಬದಲಿಸಬೇಕೆಂದರೆ ನೇರಪ್ರಸಾರದ ಸಂದರ್ಶನ ಅಸಾಧ್ಯ. ಎನಿಸ್ಕಿಲನ್ ಬಗ್ಗೆ ಏನೆನ್ನುತ್ತೀರಿ ಎಂದು ವಕ್ತಾರನನ್ನು ಜನರೆದುರು ಹಿಡಿದು ಕೂರಿಸಿ, ಅವನು ತಡವರಿಸುವುದನ್ನು, ಉಗುಳು ನುಂಗುವುದನ್ನು, ಪ್ರಶ್ನೆಯಿಂದ ನುಣುಚಿಕೊಳ್ಳುವುದನ್ನು ಮನೆಮನೆಗೆ ತಲುಪಿಸುವ ಅವಕಾಶ ಹೋಯಿತು. ಉಳಿದದ್ದು ನಟನ ನಯವಾದ ಓದು. ತಡವರಿಕೆಗೆ ನಟರಿರಲಿಲ್ಲ. ನಿರ್ಬಂಧದಿಂದ ಬಚಾವಾದವರು ಯಾರು, ನೀವೇ ಹೇಳಿ.

ಪಕ್ಕದ ಐರ್ಲೆಂಡ್ ಗಣರಾಜ್ಯದ ಕಥೆ ಇನ್ನೂ ಕಠಿಣ. ಅಲ್ಲಿ 1960ರ ಪ್ರಸಾರ ಕಾಯ್ದೆಯ 31ನೆಯ ಕಲಮಿನಡಿ ಹಿಂಸೆಯ ಸಂಘಟನೆಗಳ ಪ್ರಚಾರಕ್ಕೆ ತಡೆಯೊಡ್ಡುವ ಆದೇಶ 1971ರಲ್ಲೇ ಹೊರಟಿತ್ತು. ಮರುವರ್ಷ ಐಆರ್‌ಎ ಮುಖ್ಯಸ್ಥನ ಸಂದರ್ಶನವನ್ನು ಆಧರಿಸಿದ ವರದಿ ಪ್ರಸಾರವಾದದ್ದಕ್ಕೆ ಸರ್ಕಾರ ಸಾರ್ವಜನಿಕ ಪ್ರಸಾರಕ ಆರ್‌ಟಿಇ ಸಂಸ್ಥೆಯ ಆಡಳಿತ ಮಂಡಳಿಯನ್ನೇ ವಜಾ ಮಾಡಿತು. ಆ ಪೆಟ್ಟಿನ ನೆನಪು ಎಷ್ಟು ಆಳಕ್ಕಿಳಿದಿತ್ತೆಂದರೆ, 1990ರಲ್ಲಿ ಡಬ್ಲಿನ್ನಿನ ಬೇಕರಿಯೊಂದರಲ್ಲಿ ಮುಷ್ಕರ ನಡೆದಾಗ ಕಾರ್ಮಿಕರ ವಕ್ತಾರ ಸಿನ್ ಫೇನ್ ಸದಸ್ಯನೆಂಬ ಕಾರಣಕ್ಕೆ ಅವರ ದನಿಗೂ ಬಾಗಿಲು ಮುಚ್ಚಿತು. ಅವರು ಆಡಲಿದ್ದದ್ದು ಕೇಕಿನ ಕಾರ್ಖಾನೆಯ ಬಗ್ಗೆ! ಆದೇಶ ಅಷ್ಟನ್ನು ಕೇಳಿಯೇ ಇರಲಿಲ್ಲ ಎಂದು ನ್ಯಾಯಾಲಯ ಹೇಳಿತು. 1993ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಾರ ಒಂದು ಗೆರೆ ಎಳೆದರೆ ಹೆದರಿದ ಸಂಪಾದಕ ಅದಕ್ಕಿಂತ ಹತ್ತು ಮಾರು ಈಚೆಗೇ ನಿಲ್ಲುತ್ತಾನೆ. ಈ ಕುರ್ಚಿಯಲ್ಲಿ ಕೂತವನಾದ್ದರಿಂದ ಅದನ್ನು ಧೈರ್ಯವಾಗಿ ಹೇಳಬಲ್ಲೆ.

ಬ್ರಿಟನ್ನಿನಲ್ಲಿ ಪತ್ರಕರ್ತರು ಕೋರ್ಟಿಗೆ ಹೋಗಿ ಸೋತರು. 1991ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವಾಗಿದ್ದ ಲಾರ್ಡ್ಸ್ ಸಭೆಯ ನ್ಯಾಯಪೀಠ ನಿರ್ಬಂಧ ಊರ್ಜಿತ ಎಂದಿತು. ಈ ಅಂಶ ನಿಮ್ಮ ಪರವಾಗಿದೆ, ಬರೆದಿಟ್ಟುಕೊಳ್ಳಿ.

ನನ್ನ ಪರವಾಗಿರುವುದು 1993ರ ನವೆಂಬರ್. ಆ ತಿಂಗಳ ಮೊದಲ ದಿನ ಪ್ರಧಾನಿ ಜಾನ್ ಮೇಜರ್, ಆಡಮ್ಸ್ ಜೊತೆ ಕೂತು ಮಾತಾಡುವುದೆಂದರೆ ಹೊಟ್ಟೆ ತೊಳಸುತ್ತದೆ ಎಂಬರ್ಥದ ಮಾತನ್ನು ಸಂಸತ್ತಿನಲ್ಲಿ ಆಡಿದರು. ತಿಂಗಳು ಮುಗಿಯುವಷ್ಟರಲ್ಲಿ, ಅವರ ಸರ್ಕಾರವೇ ಐಆರ್‌ಎ ಜೊತೆ ಗುಟ್ಟಾಗಿ ಸಂದೇಶ ವಿನಿಮಯ ನಡೆಸುತ್ತಿದ್ದದ್ದು ಪತ್ರಿಕೆಯಲ್ಲಿ ಬಯಲಾಯಿತು. ಹಾಗೆ ನಡೆಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಶಾಂತಿಯ ದಾರಿ ಅಲ್ಲಿಂದಲೇ ಹಾದುಹೋಯಿತು. ಕೇಳಬೇಕಾದವರು ಕೇಳಿಸಿಕೊಳ್ಳುತ್ತಿದ್ದರು. ಕಿವಿಗೆ ಹತ್ತಿ ತುರುಕಿಸಿಕೊಂಡವರು ತೆರಿಗೆ ಕಟ್ಟುವ, ಸಾಯುವ, ಮತ ಹಾಕುವ ಜನ.

ನಮ್ಮ ಮನೆಯಲ್ಲಿ ಸಾವಾಗಿದ್ದರೆ ಹೀಗೆ ಬರೆಯುತ್ತಿದ್ದೆನೇ ಎಂದು ಕೊನೆಗೆ ಕೇಳಿದ್ದೀರಿ. ಬಹುಶಃ ಇಲ್ಲ. ರೇಡಿಯೊ ಆರಿಸಿ ಎದ್ದು ಹೋಗುತ್ತಿದ್ದೆ. ಆದರೆ ಆರಿಸುವ ಗುಂಡಿ ನನ್ನ ಕೈಯಲ್ಲೇ ಇರಲಿ ಎಂದು ಆಗಲೂ ಬಯಸುತ್ತಿದ್ದೆ.

ನೀವು ಹಿಡಿದ ತಪ್ಪು ನಮ್ಮದೇ. ಎರಡೂ ದೇಶಗಳಲ್ಲಿ ನಿರ್ಬಂಧ ಒಟ್ಟಿಗೆ ಕೊನೆಗೊಂಡಿತು ಎಂದು ಅಚ್ಚಾಗಿತ್ತು. ಐರ್ಲೆಂಡಿನಲ್ಲಿ 1994ರ ಜನವರಿಯಲ್ಲಿ ಸಚಿವ ಮೈಕೆಲ್ ಡಿ. ಹಿಗಿನ್ಸ್ ಆದೇಶವನ್ನು ನವೀಕರಿಸದೆ ಬಿಟ್ಟರು. ಬ್ರಿಟನ್ನಿನಲ್ಲಿ ಅದು ತೆರವಾದದ್ದು ಐಆರ್‌ಎ ಕದನವಿರಾಮ ಸಾರಿದ ಮೇಲೆ, ಅದೇ ವರ್ಷದ ಸೆಪ್ಟೆಂಬರ್ 16ರಂದು.

— ಸಂಪಾದಕ